ಅಸಹಾಯಕ ಪತ್ನಿಗೆ ತೆರೆದ ದಾರಿ: 1939ರ ಕಾಯ್ದೆಯ ಹಿನ್ನೆಲೆ

ನಿಕಾಹ್ ಇಸ್ಲಾಮಿನಲ್ಲಿ ಒಂದು ಬಲಿಷ್ಠ ಕರಾರು. ದಂಪತಿಗಳ ನಡುವೆ ಬಿರುಕು ಮೂಡುವ ಭಯವಿದ್ದಾಗ ಇಬ್ಬರ ಕುಟುಂಬಗಳಿಂದಲೂ ಒಬ್ಬೊಬ್ಬ ಮಧ್ಯಸ್ಥರನ್ನು ನೇಮಿಸಬೇಕೆಂದು ಪವಿತ್ರ ಕುರ್‌ಆನ್ (4:35) ಆದೇಶಿಸುತ್ತದೆ. ಆದರೆ ಪತಿಯೇ ಕಣ್ಮರೆಯಾಗಿದ್ದರೆ ಸಂಧಾನ ಯಾರೊಂದಿಗೆ? ಜೀವನಾಂಶವನ್ನೂ ಕೊಡದೆ, ತಲಾಕನ್ನೂ ನೀಡದೆ ಸತಾಯಿಸುವವನಿಂದ ಬಿಡುಗಡೆ ಹೇಗೆ?

ಬ್ರಿಟಿಷ್ ಭಾರತದಲ್ಲಿ ಈ ಪ್ರಶ್ನೆ ಅನೇಕ ಮುಸ್ಲಿಮ್ ಮಹಿಳೆಯರನ್ನು ಕಾಡಿತು. ನ್ಯಾಯಾಲಯಗಳು ಅನುಸರಿಸುತ್ತಿದ್ದ ಹನಫಿ ಕರ್ಮಶಾಸ್ತ್ರದ ಪ್ರಕಾರ, ಕಾಣೆಯಾದವನ ಪತ್ನಿಯು ಅವನ ಸಮವಯಸ್ಕರೆಲ್ಲ ತೀರಿಹೋಗುವಷ್ಟು ಕಾಲ ಕಾಯಬೇಕಿತ್ತು. ಖಾಝಿಗಳ ನ್ಯಾಯಾಧಿಕಾರವೂ ಇಲ್ಲವಾಗಿತ್ತು. ದಾರಿ ಕಾಣದ ಕೆಲವು ಮಹಿಳೆಯರು ಪಂಜಾಬ್ ಮುಂತಾದೆಡೆ ಧರ್ಮವನ್ನೇ ತ್ಯಜಿಸಿದರು. ಧರ್ಮತ್ಯಾಗದಿಂದ ನಿಕಾಹ್ ತಾನಾಗಿಯೇ ಮುರಿಯುತ್ತದೆಂದು ನ್ಯಾಯಾಲಯಗಳು ಭಾವಿಸಿದ್ದವು. ಅಲ್ಲಾಮಾ ಇಕ್ಬಾಲ್ ತಮ್ಮ ಉಪನ್ಯಾಸದಲ್ಲಿ ಈ ದುರಂತದತ್ತ ಗಮನ ಸೆಳೆದರು.

ಮೌಲಾನಾ ಅಶ್ರಫ್ ಅಲಿ ಥಾನವಿಯವರು ಹಿಂದೆ ಇದೇ ನಿಲುವಿನ ಫತ್ವಾ ನೀಡಿದ್ದರು. ಆದರೆ ಅದರ ಪರಿಣಾಮವನ್ನು ಕಂಡು ಅವರು ಮರುಚಿಂತನೆಗೆ ತೊಡಗಿದರು. ಮದೀನಾದ ಮಾಲಿಕಿ ವಿದ್ವಾಂಸರ ಅಭಿಪ್ರಾಯಗಳನ್ನು ತರಿಸಿಕೊಂಡು 1931ರಲ್ಲಿ ‘ಅಲ್ ಹೀಲತುನ್ನಾಜಿಝ’ ಎಂಬ ಗ್ರಂಥವನ್ನು ಪ್ರಕಟಿಸಿದರು. ಧರ್ಮತ್ಯಾಗದಿಂದ ನಿಕಾಹ್ ರದ್ದಾಗದು, ಆದರೆ ಅಗತ್ಯವಿದ್ದಾಗ ಮಾಲಿಕಿ ಮದ್‌ಹಬ್‌ನ ನಿಯಮದಂತೆ ಪತ್ನಿಗೆ ಬಿಡುಗಡೆ ನೀಡಬಹುದು ಎಂಬುದು ಅದರ ತಿರುಳು. ಹನಫಿ ವಿದ್ವಾಂಸರೊಬ್ಬರು ನೊಂದ ಮಹಿಳೆಗಾಗಿ ಇನ್ನೊಂದು ಮದ್‌ಹಬ್‌ನ ಬಾಗಿಲು ತಟ್ಟಿದರು!

1936ರಲ್ಲಿ ಮುಹಮ್ಮದ್ ಅಹ್ಮದ್ ಕಾಝ್ಮಿಯವರು ಕೇಂದ್ರ ಶಾಸನಸಭೆಯಲ್ಲಿ ಮಸೂದೆ ಮಂಡಿಸಿದರು. ಅದು 1939ರಲ್ಲಿ ಮುಸ್ಲಿಮ್ ವಿವಾಹ ರದ್ದತಿ ಕಾಯ್ದೆಯಾಯಿತು. ಪತಿ 4 ವರ್ಷ ಕಾಣೆಯಾಗಿದ್ದರೆ, 2 ವರ್ಷ ಜೀವನಾಂಶ ಕೊಡದಿದ್ದರೆ, 7 ವರ್ಷ ಅಥವಾ ಅದಕ್ಕೂ ಹೆಚ್ಚಿನ ಸೆರೆವಾಸದ ಶಿಕ್ಷೆಗೊಳಗಾಗಿದ್ದರೆ ಅಥವಾ ಕ್ರೌರ್ಯವೆಸಗಿದರೆ ಪತ್ನಿಯು ನ್ಯಾಯಾಲಯದಲ್ಲಿ ವಿವಾಹದ ರದ್ದತಿಯನ್ನು ಕೋರಬಹುದಾಯಿತು. ಧರ್ಮತ್ಯಾಗ ಮಾತ್ರದಿಂದ ನಿಕಾಹ್ ಮುರಿಯದೆಂದೂ ಕಾಯ್ದೆ ಸ್ಪಷ್ಟಪಡಿಸಿತು. ಇಂತಹ ಮೊಕದ್ದಮೆಗಳನ್ನು ಮುಸ್ಲಿಮ್ ನ್ಯಾಯಾಧೀಶರೇ ವಿಚಾರಿಸಬೇಕೆಂಬ ಉಲಮಾಗಳ ಬೇಡಿಕೆ ಮಾತ್ರ ಈಡೇರಲಿಲ್ಲ. ಈ ಕಾಯ್ದೆ ನಮ್ಮ ನಾಡಿನಲ್ಲಿ ಇಂದಿಗೂ ಜಾರಿಯಲ್ಲಿದೆ.

ವಿಚ್ಛೇದನವನ್ನು ಕಠಿಣಗೊಳಿಸಿದರೆ ಕುಟುಂಬ ಉಳಿಯುತ್ತದೆ ಎಂದು ನಂಬುವವರು ನಮ್ಮಲ್ಲಿದ್ದಾರೆ. ಆದರೆ ಅಂದು ಬಿಡುಗಡೆಯ ದಾರಿ ಮುಚ್ಚಿದ್ದರಿಂದ ಕುಟುಂಬವೂ ಉಳಿಯಲಿಲ್ಲ, ಈಮಾನೂ ಉಳಿಯಲಿಲ್ಲ. ತವರಿಗೆ ಮರಳಿದ ಹೆಣ್ಣುಮಗಳು ನ್ಯಾಯ ಕೇಳಿ ಜಮಾಅತಿನ ಮುಂದೆ ನಿಂತಾಗ, ‘ಸ್ವಲ್ಪ ಸಬ್ರ್ ಮಾಡಮ್ಮಾ’ ಎಂದಷ್ಟೇ ಹೇಳಿ ಕಳುಹಿಸುವ ನಾವು ಈ ಚರಿತ್ರೆಯನ್ನು ಮರೆಯಬಾರದು.