ಶ್ರವಣಫಲ

ಕಳೆದ ಮಳೆಗಾಲದ ಒಂದು ಸಂಜೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದಿದ್ದ. ಸುಳ್ಯ ತಾಲೂಕಿನ ಪೂರ್ವದ ಅಂಚಿನವನು. ಅಡಿಕೆಯ ಹಳದಿ ಎಲೆ ರೋಗ ಸಂಪಾಜೆ, ಅರಂತೋಡು ಕಡೆಯ ತೋಟಗಳನ್ನು ಹೇಗೆ ತಿಂದು ಹಾಕಿದೆ ಎಂಬುದು ಈ ಭಾಗದ ಓದುಗರಿಗೆ ನಾನು ಹೇಳಬೇಕಾಗಿಲ್ಲ. ಅವನ ತೋಟವೂ ಅದರಲ್ಲಿ ಒಂದು. ಕಾಫಿ ಕುಡಿಯುತ್ತಾ ಆ ಮಾತು ಈ ಮಾತು ಆದ ಮೇಲೆ, "ಸರ್, ನಾನೀಗ ದಿನಾ ರಾತ್ರಿ ಒಂದು ಆಡಿಯೋ ಬುಕ್ ಕೇಳಿಯೇ ಮಲಗುವುದು" ಎಂದ. ಕಿವಿಗೆ ಇಟ್ಟುಕೊಳ್ಳುವ ಆ ಸಣ್ಣ ಬಿಳಿಯ ಬಿರಡೆಗಳಲ್ಲಿ ಒಂದನ್ನು ನನಗೂ ಕೊಟ್ಟ. ಹಿನ್ನೆಲೆಯಲ್ಲಿ ತಂಬೂರಿಯಂತಹ ನಾದ; ಅದರ ಮೇಲೆ ಮೃದುವಾದ ಗಂಡು ಧ್ವನಿ. ವಿಶ್ವದಲ್ಲಿ ಕೊರತೆಯೆಂಬುದೇ ಇಲ್ಲವೆಂದೂ, ಬಯಸಿದ್ದು ಈಗಾಗಲೇ ಕೈ ಸೇರಿತೆಂದು ಮನಸ್ಸಿನಲ್ಲಿ ಕಂಡರೆ ಅದು ತಾನಾಗಿ ನಮ್ಮತ್ತ ಹರಿದು ಬರುವುದೆಂದೂ, ಸಂಶಯವೊಂದೇ ಅದಕ್ಕೆ ಅಡ್ಡಿಯೆಂದೂ ಆ ಧ್ವನಿ ಹೇಳುತ್ತಿತ್ತು.

"ಉಪಯೋಗ ಆಗಿದೆಯೇ?" ಎಂದು ಕೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಸಾಲ ಹಾಗೆಯೇ ಇದೆ ಸರ್. ನನ್ನೊಳಗೆ ಎಲ್ಲೋ ಒಂದು ಸಂಶಯ ಉಳಿದುಕೊಂಡಿರಬೇಕು. ಅದನ್ನು ತೆಗೆಯಬೇಕು" ಎಂದ.

ತೋಟಕ್ಕೆ ರೋಗ ಬಂದದ್ದು ಅವನ ತಪ್ಪಲ್ಲ. ಆದರೆ ಅವನು ತಪ್ಪೊಪ್ಪಿಗೆಯ ಧ್ವನಿಯಲ್ಲಿ ಮಾತನಾಡುತ್ತಿದ್ದ. ಮನೆಪಾಠ ಮಾಡದೆ ಬಂದ ಹುಡುಗ ಬೆಂಚಿನ ಮೇಲೆ ನಿಂತು ಹೇಳುವಂತೆ. ಆ ಮಾತು ನನ್ನನ್ನು ಬಹಳ ದಿನ ಬಿಡಲಿಲ್ಲ. ಇತಿಹಾಸ ಕಲಿಸಿದವನಿಗೆ ಬೇರೆ ದಾರಿ ತಿಳಿಯದು. ಇದು ಎಲ್ಲಿಂದ ಬಂತು ಎಂದು ಹಿಂದೆ ಹಿಂದೆ ಹೋಗಿ ನೋಡಿದೆ. ಈ ಬರಹ ಅದರ ಫಲ.

ಕೇಳುವುದರಿಂದ ಐಶ್ವರ್ಯ ಬರುತ್ತದೆ ಎಂಬ ನಂಬಿಕೆ ನಮ್ಮ ಮನೆಗಳಿಗೆ ಹೊಸತೇನೂ ಅಲ್ಲ. ನನ್ನ ಬಾಲ್ಯದಲ್ಲಿ ಮುಸ್ಸಂಜೆಯ ಹೊತ್ತು ಯಾರಾದರೂ "ಅಕ್ಕಿ ಇಲ್ಲ" ಎಂದರೆ ಅಜ್ಜಿ ಗದರುತ್ತಿದ್ದರು. ಅಸ್ತು ದೇವತೆಗಳು ಸಂಚರಿಸುವ ಹೊತ್ತು, ಇಲ್ಲ ಎಂದರೆ ಅದಕ್ಕೂ ‘ತಥಾಸ್ತು’ ಅಂದುಬಿಡುತ್ತಾರೆ ಎಂದು. ಬತ್ತ ಅಳೆಯುವಾಗ ಮೊದಲ ಸೇರಿಗೆ ಒಂದು ಎನ್ನದೆ ‘ಲಾಭ’ ಎನ್ನುತ್ತಿದ್ದೆವು. ದೀಪ ಆರಿಸು ಎನ್ನುವಂತಿಲ್ಲ, ದೊಡ್ಡದು ಮಾಡು ಎನ್ನಬೇಕು. ತುಳುವಿನ ‘ಪೊಲಿ’ ಎಂಬ ಸಣ್ಣ ಮಾತಿನಲ್ಲಿ ವೃದ್ಧಿ, ಸಮೃದ್ಧಿ ಎಲ್ಲವೂ ಅಡಗಿದೆ. ದೀಪಾವಳಿಯ ರಾತ್ರಿ ಗದ್ದೆಯ ಬದುವಿನಲ್ಲಿ ದೀಪವಿಟ್ಟು ಬಲಿಯೇಂದ್ರನನ್ನು ಕೂಗಿ ಕರೆಯುವಾಗ ಬೇಡುವುದು ಅದನ್ನೇ. ಸ್ತೋತ್ರಗಳ ಕೊನೆಗೆ ಫಲಶ್ರುತಿ ಇದ್ದೇ ಇದೆ. ಓದಿದವನಿಗೆ ಮಾತ್ರವಲ್ಲ, ಕೇಳಿದವನಿಗೂ ಫಲ.

ಎಲ್ಲಕ್ಕಿಂತ ಹತ್ತಿರದ ಉದಾಹರಣೆ ಸತ್ಯನಾರಾಯಣ ಕಥೆ. ಪುತ್ತೂರು ಸೀಮೆಯಲ್ಲಿ ಒಮ್ಮೆಯೂ ಅದು ಆಗದ ಮನೆಗಳು ಕಡಿಮೆ. ನಾವೆಲ್ಲ ಪ್ರಸಾದದ ಮೇಲೆ ಕಣ್ಣಿಟ್ಟು ಕೂತವರೇ ಆದ್ದರಿಂದ ಕಥೆಯನ್ನು ಸರಿಯಾಗಿ ಕೇಳಿದವರು ವಿರಳ. ಐದು ಅಧ್ಯಾಯಗಳು. ಬಡ ಬ್ರಾಹ್ಮಣನಿಗೂ ಕಟ್ಟಿಗೆ ಮಾರುವವನಿಗೂ ವ್ರತದಿಂದ ಸಂಪತ್ತು ಬರುತ್ತದೆ. ಅಲ್ಲಿಯವರೆಗೆ ಇಂದಿನ ಆಡಿಯೋ ಪುಸ್ತಕಕ್ಕೂ ಅದಕ್ಕೂ ಬಹಳ ವ್ಯತ್ಯಾಸ ಕಾಣದು. ಆದರೆ ಮೂರನೆಯ ಅಧ್ಯಾಯದಿಂದ ಕಥೆ ಬೇರೆ ದಿಕ್ಕಿಗೆ ತಿರುಗುತ್ತದೆ. ಸಾಧು ಎಂಬ ವರ್ತಕ ಮಗು ಹುಟ್ಟಿದರೆ ವ್ರತ ಮಾಡುತ್ತೇನೆ ಎಂದವನು ಮಗಳ ಮದುವೆಯಾಗಲಿ ಎಂದು ಮುಂದೂಡುತ್ತಾನೆ. ಮದುವೆಯಾದ ಮೇಲೆ ಮರೆಯುತ್ತಾನೆ. ಕಳ್ಳತನದ ಸುಳ್ಳು ಆರೋಪದಲ್ಲಿ ಅಳಿಯನೊಡನೆ ಸೆರೆಯಾಗುತ್ತಾನೆ. ಬಿಡುಗಡೆಯಾಗಿ ಹಡಗು ತುಂಬ ಧನದೊಡನೆ ಮರಳುವಾಗ ಸನ್ಯಾಸಿಯೊಬ್ಬ ‘ಹಡಗಿನಲ್ಲಿ ಏನಿದೆ’ ಎಂದು ಕೇಳಿದರೆ, ಬರೀ ಎಲೆ ಬಳ್ಳಿ ಎನ್ನುತ್ತಾನೆ. ನಿನ್ನ ಮಾತೇ ನಿಜವಾಗಲಿ ಎಂಬ ಉತ್ತರ ಬರುತ್ತದೆ. ಹೋಗಿ ನೋಡಿದರೆ ಹಡಗಿನಲ್ಲಿ ಎಲೆ ಬಳ್ಳಿ! ಐದನೆಯ ಅಧ್ಯಾಯದ ರಾಜನೋ, ದನಗಾಹಿಗಳು ಕೊಟ್ಟ ಪ್ರಸಾದವನ್ನು ತಿರಸ್ಕರಿಸಿದ್ದಕ್ಕಾಗಿ ಎಲ್ಲವನ್ನೂ ಕಳೆದುಕೊಳ್ಳುತ್ತಾನೆ.

ಇಲ್ಲಿಯೂ ಮಾತು ಫಲಿಸುತ್ತದೆ. ಆದರೆ ಸಂಪತ್ತು ಹೋಗುವುದು ಕೊಟ್ಟ ಮಾತು ತಪ್ಪಿದ್ದಕ್ಕೆ, ಸುಳ್ಳಾಡಿದ್ದಕ್ಕೆ, ಎದುರಿಗಿದ್ದವರನ್ನು ಕೀಳಾಗಿ ಕಂಡದ್ದಕ್ಕೆ. ಇವು ಮಾಡಿದ ಕೆಲಸಗಳು, ತಿದ್ದಿಕೊಳ್ಳಬಹುದು. ಮನಸ್ಸಿನ ಮೂಲೆಯಲ್ಲಿ ಸಂಶಯವೊಂದು ಉಳಿಯಿತು ಎಂಬ ಕಾರಣಕ್ಕೆ ಸತ್ಯನಾರಾಯಣನು ಯಾರ ಹಡಗನ್ನೂ ಮುಳುಗಿಸಿದ್ದಿಲ್ಲ. ಮತ್ತೆ, ಆ ಕಥೆಯನ್ನು ಒಬ್ಬನೇ ಕೂತು ಕೇಳುವ ಪದ್ಧತಿಯಿಲ್ಲ. ನೆರೆಕರೆಯವರನ್ನು ಕರೆಯಬೇಕು, ಊಟ ಹಾಕಬೇಕು.

ಹಾಗಾದರೆ ಸಂಶಯವೇ ಪಾಪವೆಂಬ ವಿಚಾರ ಬಂದದ್ದು ಎಲ್ಲಿಂದ? ಅದರ ಹಾದಿ ಅಮೆರಿಕಾದಿಂದ ಬರುತ್ತದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಮೇಯ್ನ್ ಪ್ರಾಂತ್ಯದ ಬೆಲ್‌ಫಾಸ್ಟ್ ಎಂಬ ಊರಿನ ಗಡಿಯಾರ ತಯಾರಕ ಫಿನಿಯಸ್ ಕ್ವಿಂಬಿ, ರೋಗವೆಂದರೆ ತಪ್ಪು ನಂಬಿಕೆ, ನಂಬಿಕೆ ತಿದ್ದಿದರೆ ಗುಣ ಎಂದು ಚಿಕಿತ್ಸೆಗೆ ತೊಡಗಿದ. 1866ರಲ್ಲಿ ಅವನು ತೀರಿಕೊಂಡ ಮೇಲೆ ಆ ವಿಚಾರ ‘ನವಚಿಂತನೆ’ ಎಂಬ ಪಂಥವಾಗಿ ಬೆಳೆಯಿತು. ನಮ್ಮ ವಿವೇಕಾನಂದರು ಚಿಕಾಗೋ ಭಾಷಣದ ಮರುವರ್ಷ, 1894ರ ಬೇಸಿಗೆಯಲ್ಲಿ, ಅದೇ ಮೇಯ್ನ್ ಪ್ರಾಂತ್ಯದ ಗ್ರೀನ್‌ಏಕರ್ ಶಿಬಿರದಲ್ಲಿ ಒಂದು ಪೈನ್ ಮರದ ಬುಡದಲ್ಲಿ ವೇದಾಂತ ಹೇಳಿದಾಗ ಕೇಳುಗರಲ್ಲಿ ಈ ಪಂಥದವರು ಹಲವರಿದ್ದರು. ವೇದಾಂತಕ್ಕೆ ಅಲ್ಲಿ ದೊರೆತ ಕಿವಿಗಳಲ್ಲಿ ಕೆಲವು ಆರೋಗ್ಯವನ್ನೂ ಹಣವನ್ನೂ ಹುಡುಕುತ್ತಿದ್ದವು.

ಮುಂದಿನದು ನಗು ತರಿಸುವ ಸಂಗತಿ. ವಿಲಿಯಂ ವಾಕರ್ ಅಟ್ಕಿನ್ಸನ್ ಎಂಬ ಅಮೆರಿಕದ ವಕೀಲ 1906ರಲ್ಲಿ ಚಿಂತನೆಯ ಕಂಪನ ಮತ್ತು ‘ಆಕರ್ಷಣೆಯ ನಿಯಮ’ದ ಬಗ್ಗೆ ಪುಸ್ತಕ ಬರೆದ. ಇಂದಿನ ಆಡಿಯೋಗಳಲ್ಲಿ ದಿನವೂ ಕೇಳುವ ಪದವೇ ಅದು. ಅದೇ ಮಹಾಶಯ ‘ಯೋಗಿ ರಾಮಚರಕ’ ಎಂಬ ಹೆಸರಿನಲ್ಲಿ ಯೋಗದ ಪುಸ್ತಕಗಳನ್ನೂ ಬರೆದ. ಅವು ಭಾರತಕ್ಕೂ ಬಂದವು, ನಮ್ಮವರು ನಮ್ಮ ಯೋಗಿಯೇ ಬರೆದನೆಂದು ಓದಿದರು! ಇಂದು ಇದು ನಮ್ಮ ಋಷಿಗಳ ಪ್ರಾಚೀನ ರಹಸ್ಯ ಎಂದು ಯಾವುದಾದರೂ ಧ್ವನಿ ಹೇಳಿದಾಗ ನನಗೆ ಆ ವಕೀಲನ ನೆನಪಾಗುತ್ತದೆ.

1910ರಲ್ಲಿ ವ್ಯಾಟಲ್ಸ್ ಎಂಬವನು ಶ್ರೀಮಂತನಾಗುವ ‘ವಿಜ್ಞಾನ’ ಬರೆದ. 1920ರ ದಶಕದಲ್ಲಿ ಫ್ರಾನ್ಸಿನ ಔಷಧ ವ್ಯಾಪಾರಿ ಎಮಿಲ್ ಕುವೆ, ದಿನದಿನಕ್ಕೂ ನಾನು ಉತ್ತಮನಾಗುತ್ತಿದ್ದೇನೆ ಎಂಬರ್ಥದ ವಾಕ್ಯವೊಂದನ್ನು ಇಪ್ಪತ್ತು ಬಾರಿ ಹೇಳಿಕೊಂಡು ಮಲಗಲು ಕಲಿಸಿದ. ಎಣಿಸಲು ಇಪ್ಪತ್ತು ಗಂಟಿನ ದಾರ. ಜಪಮಾಲೆಯೇ ಅಲ್ಲವೇ? ಆರ್ಥಿಕ ಕುಸಿತದ ನಡುವೆ, 1937ರಲ್ಲಿ, ನೆಪೋಲಿಯನ್ ಹಿಲ್‌ನ ಹೆಸರಾಂತ ಪುಸ್ತಕ ಬಂತು. ಉಕ್ಕಿನ ದೊರೆ ಕಾರ್ನೆಗಿಯಿಂದಲೇ ರಹಸ್ಯ ಪಡೆದೆನೆಂದು ಹಿಲ್ ಹೇಳಿಕೊಂಡ. ಅವನ ಮಾತಿನ ಹೊರತು ಅದಕ್ಕೆ ಬೇರೆ ಆಧಾರ ದೊರೆತಿಲ್ಲ. 1956ರಲ್ಲಿ ಅರ್ಲ್ ನೈಟಿಂಗೇಲ್ ಎಂಬ ರೇಡಿಯೋ ಮಾತುಗಾರ ತನ್ನ ವಿಮಾ ಸಂಸ್ಥೆಯ ಮಾರಾಟಗಾರರಿಗೆ ಉತ್ಸಾಹ ತುಂಬಲು ಒಂದು ಭಾಷಣವನ್ನು ಧ್ವನಿಮುದ್ರಿಸಿದ. ಆ ತಟ್ಟೆ ಹತ್ತು ಲಕ್ಷಕ್ಕೂ ಹೆಚ್ಚು ಮಾರಾಟವಾಯಿತು. ಇಂತಹ ಓದುವ ವಿಚಾರ ಕೇಳುವ ಸರಕೂ ಆಯಿತು. 2006ರಲ್ಲಿ ‘ದ ಸೀಕ್ರೆಟ್’ ಚಲನಚಿತ್ರವೂ ಪುಸ್ತಕವೂ ಬಂದಾಗ ಅದರಲ್ಲಿ ನೂರು ವರ್ಷದ ಹಿಂದಿನದಕ್ಕಿಂತ ಹೆಚ್ಚಿನದೇನೂ ಇರಲಿಲ್ಲ.

ನಮ್ಮೂರಿಗೆ ಬರೋಣ. ಮಂಗಳೂರು ಆಕಾಶವಾಣಿ 1976ರಲ್ಲಿ ಆರಂಭವಾಯಿತು; ಬೆಳಗಿನ ಭಕ್ತಿಗೀತೆ ಕೊಟ್ಟಿಗೆಯವರೆಗೂ ಕೇಳಿಸತೊಡಗಿತು. ಬಳಿಕ ಕ್ಯಾಸೆಟ್ಟಿನ ಕಾಲ. ಈಗ ಕಡಬ ತಾಲೂಕಿಗೆ ಸೇರಿರುವ ಸುಬ್ರಹ್ಮಣ್ಯದ ಮಠಾಧೀಶರಾಗಿದ್ದ, 1997ರಲ್ಲಿ ಪೀಠ ತೊರೆದ ವಿದ್ಯಾಭೂಷಣರ ದಾಸರಪದಗಳ ಕ್ಯಾಸೆಟ್ ಇಲ್ಲದ ಮನೆ ನಮ್ಮ ಸುತ್ತಿನಲ್ಲಿ ವಿರಳವಾಗಿತ್ತು. ಅದೇ ಟೇಪ್‌ರೆಕಾರ್ಡರಿನಲ್ಲಿ, ಸುಮಾರು ಎರಡು ಸಾವಿರದ ಇಸವಿಯ ಹೊತ್ತಿಗೆ, ನನ್ನ ಅಣ್ಣ ಬೇರೊಂದು ಬಗೆಯ ಕ್ಯಾಸೆಟ್ ಹಾಕತೊಡಗಿದ. ಸದಸ್ಯರನ್ನು ಸೇರಿಸುತ್ತಾ ಹೋದರೆ ಹಣ ಬರುವ ವ್ಯವಹಾರವೊಂದರ ಸಭೆಗಳಲ್ಲಿ ಮಾರುತ್ತಿದ್ದ ಕ್ಯಾಸೆಟ್ ಅದು. ದೊಡ್ಡ ಕನಸು ಕಾಣು, ಸಂಶಯಪಡುವ ಸಂಬಂಧಿಕರಿಂದ ದೂರವಿರು ಎಂಬುದು ಸಾರಾಂಶ. ಸಂಶಯಪಡುವ ಸಂಬಂಧಿಕ ನಾನೇ ಆಗಿದ್ದೆ.

ಆಗಲೇ ವೆನಿಲ್ಲಾ ಜ್ವರವೂ ಬಂತು. ಮಡಗಾಸ್ಕರಿನಲ್ಲಿ 2000ದಲ್ಲಿ ಬೀಸಿದ ಚಂಡಮಾರುತದಿಂದ ಬೆಳೆ ಹಾಳಾಗಿ ಜಗತ್ತಿನಲ್ಲಿ ಬೆಲೆ ಏರುತ್ತಾ ಹೋಗಿ, 2003ರಲ್ಲಿ ನಮ್ಮಲ್ಲಿ ಹಸಿ ಕೋಡಿಗೆ ಕಿಲೋಗೆ ಮೂರು ಸಾವಿರ ರೂಪಾಯಿ ದಾಟಿತು. ಪುತ್ತೂರು ಸುಳ್ಯಗಳ ತೋಟಗಳಲ್ಲಿ ರಾತ್ರಿ ಟಾರ್ಚು ಹಿಡಿದು ಬಳ್ಳಿ ಕಾದವರು ಇದನ್ನು ಓದುವವರಲ್ಲಿಯೇ ಇದ್ದಾರೆ. ವೆನಿಲ್ಲಾ ಹೂ ಅರಳುವುದು ಒಂದೇ ಬೆಳಗು. ಅದರ ಪರಾಗಸ್ಪರ್ಶ ಮಾಡುವ ಕೀಟ ನಮ್ಮಲ್ಲಿಲ್ಲ. 1841ರಲ್ಲಿ ರಿಯೂನಿಯನ್ ದ್ವೀಪದ ಹನ್ನೆರಡು ವರ್ಷದ ಗುಲಾಮ ಬಾಲಕ ಎಡ್ಮಂಡ್ ಆಲ್ಬಿಯಸ್ ಕಂಡುಹಿಡಿದ ಕ್ರಮದಲ್ಲಿ, ಒಂದೊಂದು ಹೂವಿಗೂ ಕೈಯಿಂದಲೇ ಮಾಡಬೇಕು. ಅಣ್ಣ ಸಾಲ ಮಾಡಿ ಬಳ್ಳಿ ನೆಟ್ಟ. ಹೂ ಬಿಡಲು ಮೂರು ವರ್ಷ ಬೇಕು. ಅಷ್ಟರಲ್ಲಿ ಮಡಗಾಸ್ಕರ್ ಚೇತರಿಸಿಕೊಂಡಿತು, ಕೊಳ್ಳುವವರು ಕೃತಕ ಸುವಾಸನೆಗೆ ತಿರುಗಿದರು, ಬೆಲೆ ನೂರು ರೂಪಾಯಿಗೂ ಕೆಳಗಿಳಿಯಿತು. ಅಣ್ಣ ಅಂದು ಹೇಳಿದ್ದು ಇಷ್ಟೇ: "ನಾನು ಪೂರ್ತಿ ನಂಬಲಿಲ್ಲ. ಅದಕ್ಕೇ ಹೀಗಾಯಿತು." ಇಪ್ಪತ್ತು ವರ್ಷಗಳ ನಂತರ ಅದೇ ವಾಕ್ಯವನ್ನು ನನ್ನ ಶಿಷ್ಯನ ಬಾಯಲ್ಲಿ ಕೇಳಿದಾಗ ನನಗೆ ಹೇಗಾಗಿರಬೇಕು ಎಂದು ನೀವು ಊಹಿಸಬಹುದು.

ಬಿ.ಎಡ್. ಓದುವಾಗ ಮನಃಶಾಸ್ತ್ರದ ಪತ್ರಿಕೆಯಲ್ಲಿ ಸ್ಕಿನ್ನರನ ಪಾರಿವಾಳಗಳ ವಿಷಯ ಬಂದಿತ್ತು. 1948ರ ಪ್ರಯೋಗ. ಪಾರಿವಾಳ ಏನೇ ಮಾಡಲಿ ಬಿಡಲಿ, ನಿಯಮಿತ ಹೊತ್ತಿಗೆ ಕಾಳು ಬೀಳುತ್ತದೆ. ಕೆಲವು ಹಕ್ಕಿಗಳು ಕಾಳು ಬಿದ್ದಾಗ ತಾವು ಏನು ಮಾಡುತ್ತಿದ್ದವೋ ಅದನ್ನೇ ಪುನಃ ಪುನಃ ಮಾಡತೊಡಗಿದವು. ಒಂದು ಸುತ್ತು ತಿರುಗಿತು, ಒಂದು ತಲೆ ತೂಗಿತು. ಪರೀಕ್ಷೆಗೆ ಕಂಠಪಾಠ ಮಾಡಿ ಮರೆತಿದ್ದೆ; ಈಗ ಅರ್ಥವಾಯಿತು.

ಈ ವಿಷಯಕ್ಕೇ ನೇರವಾಗಿ ತಗಲುವ ಪ್ರಯೋಗವೊಂದು 1991ರಲ್ಲಿ ಅಮೆರಿಕಾದಲ್ಲಿ ಗ್ರೀನ್‌ವಾಲ್ಡ್ ಮತ್ತು ಸಂಗಡಿಗರಿಂದ ನಡೆಯಿತು. ನೆನಪಿನ ಶಕ್ತಿ ಹೆಚ್ಚಿಸುವ ಮತ್ತು ಆತ್ಮಗೌರವ ಹೆಚ್ಚಿಸುವ ಎರಡು ಬಗೆಯ ಕ್ಯಾಸೆಟ್‌ಗಳನ್ನು ಜನರಿಗೆ ಕೊಟ್ಟರು. ಕೆಲವರ ಕ್ಯಾಸೆಟ್ಟಿನ ಚೀಟಿಯನ್ನು ಗುಟ್ಟಾಗಿ ಅದಲುಬದಲು ಮಾಡಿದ್ದರು. ದಿನವೂ ಕೇಳಿ ಒಂದು ತಿಂಗಳಾದ ಮೇಲೆ ಅಳೆದು ನೋಡಿದರೆ ಕ್ಯಾಸೆಟ್ಟಿನೊಳಗಿದ್ದ ಮಾತಿನಿಂದ ವಿಶೇಷ ಪರಿಣಾಮವೇನೂ ಆಗಿರಲಿಲ್ಲ. ಆದರೆ ಮೂರನೆಯ ಒಂದಕ್ಕಿಂತ ಹೆಚ್ಚು ಮಂದಿ, ಚೀಟಿಯಲ್ಲಿ ಏನು ಬರೆದಿತ್ತೋ ಅದರಲ್ಲಿಯೇ ತಾವು ಸುಧಾರಿಸಿದ್ದೇವೆ ಎಂದು ಭಾವಿಸಿದ್ದರು. ಕಿವಿ ಕೇಳಿದ್ದು ಒಂದು, ಫಲ ಕೊಟ್ಟದ್ದು ಚೀಟಿ!

ಜರ್ಮನಿಯ ಗಾಬ್ರಿಯೆಲೆ ಓಟಿಂಗನ್ ಮತ್ತು ಮೇಯರ್ 2002ರಲ್ಲಿ ಪ್ರಕಟಿಸಿದ ಅಧ್ಯಯನ ಇನ್ನೂ ಸೂಕ್ಷ್ಮವಾದುದು. ಪದವಿ ಮುಗಿಸಿದ ತರುಣರಲ್ಲಿ, ಒಳ್ಳೆಯ ಕೆಲಸ ಸಿಕ್ಕೇ ಬಿಟ್ಟಿತೆಂಬ ಸುಖದ ಕಲ್ಪನೆಯಲ್ಲಿ ಹೆಚ್ಚು ಮುಳುಗಿದವರು ಎರಡು ವರ್ಷಗಳ ನಂತರ ಕಡಿಮೆ ಅರ್ಜಿ ಹಾಕಿದ್ದರು, ಕಡಿಮೆ ಸಂಬಳ ಪಡೆಯುತ್ತಿದ್ದರು. ಸಿಕ್ಕೀತು ಎಂದು ವಿವೇಚನೆಯಿಂದ ನಿರೀಕ್ಷಿಸಿದವರ ಸ್ಥಿತಿ ಉತ್ತಮವಾಗಿತ್ತು. ಉಂಡಂತೆ ಕನಸು ಕಂಡ ಮನಸ್ಸು ಅಡಿಗೆಗೆ ಏಳುವುದಿಲ್ಲ ಎಂದು ನಾನು ಅರ್ಥ ಮಾಡಿಕೊಂಡೆ. 2009ರಲ್ಲಿ ಕೆನಡಾದ ಜೋನ್ ವುಡ್ ತಂಡ ಕಂಡದ್ದು ಮತ್ತೂ ಕಠಿಣ: ತನ್ನ ಬಗ್ಗೆ ಹೀನ ಭಾವನೆ ಇರುವವರು ತಮ್ಮನ್ನು ತಾವೇ ಹೊಗಳಿಕೊಳ್ಳುವ ವಾಕ್ಯವನ್ನು ಜಪಿಸಿದರೆ ಮನಸ್ಸು ಇನ್ನಷ್ಟು ಕುಗ್ಗುತ್ತದೆ. ಔಷಧ ಯಾರಿಗೆ ಹೆಚ್ಚು ಬೇಕೋ ಅವರಿಗೇ ಅದು ಒಗ್ಗುವುದಿಲ್ಲ. 2023ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು ಸಾವಿರಕ್ಕೂ ಹೆಚ್ಚು ಮಂದಿಯನ್ನು ವಿಚಾರಿಸಿದಾಗ, ಇಂತಹ ಆಕರ್ಷಣೆಯನ್ನು ಗಾಢವಾಗಿ ನಂಬುವವರು ತಾವು ಯಶಸ್ವಿಗಳೆಂದು ಹೆಚ್ಚು ಭಾವಿಸುತ್ತಾರೆ, ಅಪಾಯದ ಹೂಡಿಕೆಗಳತ್ತ ಹೆಚ್ಚು ಒಲಿಯುತ್ತಾರೆ, ದಿವಾಳಿಯಾದವರೂ ಅವರಲ್ಲಿಯೇ ಹೆಚ್ಚು ಎಂದು ತಿಳಿದುಬಂತು.

ಆದರೂ ನಾನು ಪೂರ್ತಿ ತಳ್ಳಿಹಾಕಲಾರೆ. ಮನಃಶಾಸ್ತ್ರಜ್ಞ ವಿಲಿಯಂ ಜೇಮ್ಸ್ 1902ರ ತನ್ನ ಗ್ರಂಥದಲ್ಲಿ ಈ ಪಂಥದವರನ್ನು ಗೇಲಿ ಮಾಡಲಿಲ್ಲ; ಅದರಿಂದ ನೆಮ್ಮದಿ ಪಡೆದವರ ಮಾತನ್ನು ಗೌರವದಿಂದ ದಾಖಲಿಸಿದ. ಲೋಕದಲ್ಲಿ ನಿಜವಾದ ದುಃಖವಿದೆ, ಅದಕ್ಕೆ ಈ ನಗುಮುಖ ಸಾಲದು ಎಂದೂ ಸೇರಿಸಿದ. ಆ ಆಡಿಯೋವನ್ನು ಶಿಷ್ಯನಿಂದ ಪಡೆದು ನಾನೂ ಹತ್ತಾರು ರಾತ್ರಿ ಕೇಳಿದೆ. ಪತ್ನಿ ತೀರಿಕೊಂಡ ಮೇಲೆ ಸರಿಯಾದ ನಿದ್ದೆಯಿಲ್ಲದವನು ನಾನು. ನಿದ್ದೆ ಬಂತು, ಸುಳ್ಳೇಕೆ ಹೇಳಲಿ. ರಾತ್ರಿ ಹನ್ನೊಂದಕ್ಕೆ ಒಬ್ಬಂಟಿ ಕೋಣೆಯಲ್ಲಿ ಒಂದು ಮನುಷ್ಯಧ್ವನಿ ಎಲ್ಲವೂ ಸರಿಯಾಗುತ್ತದೆ ಎನ್ನುವುದು ಸಣ್ಣ ಸಂಗತಿಯಲ್ಲ.

ಅಣ್ಣನಿಗೆ ಅಂದು ನಾನು ಹೇಳದೆ ಉಳಿದ ಮಾತನ್ನು ಶಿಷ್ಯನಿಗೆ ಹೇಳಿದೆ. ವೆನಿಲ್ಲಾ ಬೆಲೆ ಮಡಗಾಸ್ಕರಿನ ಗಾಳಿಯಿಂದ ಏರಿತು, ಗಾಳಿ ನಿಂತಾಗ ಇಳಿಯಿತು. ಹಳದಿ ರೋಗ ನಿನ್ನ ಸಂಶಯವನ್ನು ಕೇಳಿ ಬರಲಿಲ್ಲ. 1970ರ ಸುಮಾರಿಗೆ ಅಡಿಕೆ ಬೆಲೆ ಕುಸಿದಾಗ ನಿನ್ನ ಅಜ್ಜನ ಕಾಲದವರು ತಮ್ಮ ಮನಸ್ಸಿನ ಕೊಳೆ ಹುಡುಕುತ್ತಾ ಕೂರಲಿಲ್ಲ. ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳುತನದಲ್ಲಿ ಸೇರಿ 1973ರಲ್ಲಿ ಕ್ಯಾಂಪ್ಕೊ ಕಟ್ಟಿದರು. ಅವನು ತಲೆ ತಗ್ಗಿಸಿ ಕೇಳಿದ. ತರಗತಿಯಲ್ಲಿಯೂ ಹಾಗೆಯೇ ಕೇಳುತ್ತಿದ್ದ. ಆದ್ದರಿಂದ ಒಳಗೆ ಹೋಯಿತೋ ಇಲ್ಲವೋ ತಿಳಿಯಲಿಲ್ಲ.

ದೀಪಾವಳಿ ಕಳೆದು ಫೋನ್ ಮಾಡಿದ. ವಿಟ್ಲದ ಸಂಶೋಧನಾ ಕೇಂದ್ರಕ್ಕೆ ಹೋಗಿ ಬಂದನಂತೆ, ಬ್ಯಾಂಕಿನವರೊಡನೆ ಕೂತು ಕಂತಿನ ಮಾತಾಡಿದನಂತೆ, ಮನೆಯವಳಿಗೆ ಸಾಲದ ಪೂರ್ತಿ ಲೆಕ್ಕ ಹೇಳಿದನಂತೆ.

"ಆಡಿಯೋ ಈಗಲೂ ಕೇಳುತ್ತೀಯಾ?" ಎಂದೆ.

"ಕೇಳುತ್ತೇನೆ ಸರ್. ಆದರೆ ಸಂಶಯದ ವಿಷಯ ಬರುವುದು ಇಪ್ಪತ್ತನೆಯ ನಿಮಿಷಕ್ಕೆ. ಅದರ ಮೊದಲೇ ನಿದ್ದೆ ಹೋಗಲು ನೋಡುತ್ತೇನೆ" ಎಂದು ನಕ್ಕ.