ಕಿನ್ನರಿಯರಿಗೆ ಬಾಗಿಲು ಮುಚ್ಚಿದ ಅಮ್ಮಂದಿರು

ಸಿಂಡ್ರೆಲಾ ಕಥೆ ಮಕ್ಕಳ ಕಿವಿಗೆ ಬೀಳಬಾರದು ಎಂದು ಹಟ ಹಿಡಿದ ಒಬ್ಬ ತಾಯಿ ಇದ್ದಳು, ಅದೂ ಹನ್ನೆರಡು ಮಕ್ಕಳ ತಾಯಿ, ಎಂದರೆ ನೀವು ನಂಬಲಿಕ್ಕಿಲ್ಲ. ಹೆಸರು ಸಾರಾ ಟ್ರಿಮ್ಮರ್. 1741ರಲ್ಲಿ ಇಂಗ್ಲೆಂಡಿನ ಇಪ್ಸ್‌ವಿಚ್‌ನಲ್ಲಿ ಹುಟ್ಟಿ, ಇಟ್ಟಿಗೆ ಸುಡುವವರ ಮನೆಗೆ ಸೊಸೆಯಾಗಿ ಹೋಗಿ, ಮಕ್ಕಳಿಗೆ ಮನೆಯಲ್ಲೇ ಪಾಠ ಹೇಳಿ, ಊರಿನ ಬಡ ಮಕ್ಕಳಿಗೆ ಭಾನುವಾರದ ಶಾಲೆ ತೆರೆದವಳು. ಅಷ್ಟರ ನಡುವೆ ಪುರುಸೊತ್ತು ಎಲ್ಲಿಂದ ಸಿಕ್ಕಿತೋ, 1802ರಿಂದ 1806ರವರೆಗೆ ‘ದ ಗಾರ್ಡಿಯನ್ ಆಫ್ ಎಜುಕೇಶನ್’ ಎಂಬ ಪತ್ರಿಕೆಯನ್ನೂ ನಡೆಸಿದಳು. ಇಂಗ್ಲಿಷಿನಲ್ಲಿ ಮಕ್ಕಳ ಪುಸ್ತಕಗಳನ್ನು ಗಂಭೀರವಾಗಿ ವಿಮರ್ಶೆ ಮಾಡಿದ ಮೊದಲ ಪತ್ರಿಕೆ ಅದು. ಸಿಂಡ್ರೆಲಾ ಕಥೆ ಹೊಟ್ಟೆಕಿಚ್ಚು, ಮಲತಾಯಿಯ ಮೇಲೆ ದ್ವೇಷ, ಬಟ್ಟೆಬರೆಯ ಹುಚ್ಚು, ಇವನ್ನೆಲ್ಲ ಕಲಿಸುತ್ತದೆ ಎಂಬ ದೂರು ಅಚ್ಚಾದದ್ದು ಅದರಲ್ಲೇ.

ನನಗೆ ಈ ಹೆಂಗಸಿನ ಮೇಲೆ ಸಿಟ್ಟಿಗಿಂತ ಹೆಚ್ಚಾಗಿ ಕುತೂಹಲ. ಯಾಕೆಂದರೆ ಚಿಕ್ಕವಳಿದ್ದಾಗ ಕೆಂಪು ಟೋಪಿಯ ಹುಡುಗಿಯ ಕಥೆಯನ್ನು ತಾನೂ ಬಾಯಿ ಬಿಟ್ಟುಕೊಂಡು ಕೇಳಿದ್ದುಂಟು ಎಂದು ಆಕೆಯೇ ಬರೆದುಕೊಂಡಿದ್ದಾಳೆ. ಆ ಭಾವನೆಗಳು ಮೊಮ್ಮಕ್ಕಳಲ್ಲಿ ಮಾತ್ರ ಏಳಬಾರದಂತೆ! ಇನ್ನೊಂದು ತಮಾಷೆ ಕೇಳಿ. 1786ರಲ್ಲಿ ಆಕೆಯೇ ಬರೆದ ಮಕ್ಕಳ ಪುಸ್ತಕದಲ್ಲಿ ಒಂದು ಹಕ್ಕಿ ಸಂಸಾರ ಮಾತಾಡುತ್ತದೆ. ಆದರೆ ಮುನ್ನುಡಿಯಲ್ಲೇ ಎಚ್ಚರಿಕೆ ಇದೆ: ಮಕ್ಕಳೇ, ಇದು ಹಕ್ಕಿಗಳು ನಿಜವಾಗಿ ಆಡಿದ ಮಾತೆಂದು ತಿಳಿಯಬೇಡಿ. ಬೇತಾಳ ಹೆಣದೊಳಗಿಂದ ಪ್ರಶ್ನೆ ಕೇಳಿದರೂ ಕಣ್ಣು ಮಿಟುಕಿಸದೆ ‘ಚಂದಮಾಮ’ ಓದಿದ ನನ್ನಂಥವರಿಗೆ ಇದು ನಗೆಯ ಮಾತೇ.

ಆದರೆ ಒಂದು ಸೂಕ್ಷ್ಮ ಗಮನಿಸಬೇಕು. ಟ್ರಿಮ್ಮರಮ್ಮನಿಗೆ ಮಾಟ ಮಂತ್ರ ನಿಜವೆಂಬ ಹೆದರಿಕೆ ಇರಲಿಲ್ಲ. ಅದು ಬರೀ ಪೊಳ್ಳು, ಎಳೆಯ ಮನಸ್ಸಿನಲ್ಲಿ ಇಲ್ಲದ ಭಯ, ಇಲ್ಲದ ಭ್ರಮೆ ಬಿತ್ತುತ್ತದೆ ಎಂಬುದೇ ಆಕೆಯ ತಕರಾರು. ಕೆಲಸದವರು ಹೇಳುವ ದೆವ್ವದ ಕಥೆಗಳಿಂದ ಮಕ್ಕಳನ್ನು ದೂರವಿಡಿ ಎಂದು ತತ್ವಜ್ಞಾನಿ ಜಾನ್ ಲಾಕ್ 1693ರಲ್ಲೇ ಬರೆದಿದ್ದ. ಅವನ ತರ್ಕಕ್ಕೆ ಈಕೆ ತನ್ನ ದೈವಭಕ್ತಿ ಸೇರಿಸಿದಳು, ಅಷ್ಟೆ.

ಈ ಕಥೆಯ ಒಂದು ಎಳೆ ನಮ್ಮ ದೇಶಕ್ಕೂ ಬಂದು ಹೋಗಿದೆ. ಮೇರಿ ಮಾರ್ತಾ ಶೆರ್‌ವುಡ್ ಸೈನ್ಯಾಧಿಕಾರಿಯ ಹೆಂಡತಿಯಾಗಿ 1805ರಲ್ಲಿ ಭಾರತಕ್ಕೆ ಬಂದಳು. ಬಾಲ್ಯದಲ್ಲಿ ಬೆನ್ನು ನೆಟ್ಟಗಿರಲೆಂದು ಕೊರಳಿಗೆ ಕಬ್ಬಿಣದ ಪಟ್ಟಿ ಹಾಕಿಸಿಕೊಂಡು, ನಿಂತೇ ಪಾಠ ಒಪ್ಪಿಸಿದವಳು ಅವಳು. ಮೊದಲ ಮಗಳನ್ನು ಇಂಗ್ಲೆಂಡಿನಲ್ಲೇ ಬಿಟ್ಟು ಬರಬೇಕಾಯಿತು. ಇಲ್ಲಿ ಹುಟ್ಟಿದವರಲ್ಲಿ ಹೆನ್ರಿ, ಲೂಸಿ ಎಂಬ ಎಳೆಯ ಕೂಸುಗಳು ಇಲ್ಲಿಯ ಮಣ್ಣಿಗೇ ಸೇರಿದವು. ಆ ದುಃಖದಲ್ಲಿ ಅವಳು ದೇವರಿಗೆ ಇನ್ನಷ್ಟು ಹತ್ತಿರವಾದಳು. ಸಿಪಾಯಿಗಳ ಮಕ್ಕಳಿಗೆ ಶಾಲೆ ನಡೆಸಿದಳು. ಸತ್ತ ಮಗನ ಹೆಸರಿನ ಹುಡುಗನೊಬ್ಬನನ್ನು ನಾಯಕನಾಗಿಟ್ಟು ‘ಲಿಟಲ್ ಹೆನ್ರಿ ಅಂಡ್ ಹಿಸ್ ಬೇರರ್’ ಬರೆದಳು. 1814ರಲ್ಲಿ ಅಚ್ಚಾದ ಅದು ಮನೆಮನೆಯ ಪುಸ್ತಕವಾಯಿತು.

ಊರಿಗೆ ಮರಳಿದ ಮೇಲೆ, 1820ರಲ್ಲಿ, ಅವಳು ಸಾರಾ ಫೀಲ್ಡಿಂಗ್‌ಳ ‘ದ ಗವರ್ನೆಸ್’ ಎಂಬ ಹಳೆಯ ಪುಸ್ತಕವನ್ನು ಕೈಗೆತ್ತಿಕೊಂಡಳು. 1749ರ ಆ ಪುಸ್ತಕದಲ್ಲಿ ಹುಡುಗಿಯರ ಶಾಲೆಯೊಂದರ ಕಥೆಯ ನಡುನಡುವೆ ರಾಕ್ಷಸರ, ಕಿನ್ನರಿಯರ ಕಥೆಗಳಿದ್ದವು. ಶೆರ್‌ವುಡ್ ಅಂಥವನ್ನು ಕಿತ್ತು ಅಲ್ಲಿ ನೀತಿಕಥೆಗಳನ್ನು ನೆಟ್ಟಳು. ಮನುಷ್ಯ ಹುಟ್ಟಿನಿಂದಲೇ ಪಾಪಿ ಎಂಬ ಸತ್ಯವನ್ನು ಕಿನ್ನರಿಯರ ಮೂಲಕ ಹೇಳಲಾಗದು ಎಂಬುದು ಅವಳ ವಾದ. ಬೇರೆಯವರ ಪುಸ್ತಕದ ಮೇಲೆ ಹೀಗೆ ಕತ್ತರಿ ಆಡಿಸಿದ್ದು ತಪ್ಪೆಂದೇ ನನ್ನ ಅಭಿಪ್ರಾಯ. ಆದರೂ ಎರಡು ಮಕ್ಕಳನ್ನು ಮಣ್ಣಿಗಿಟ್ಟ ಹೆಂಗಸು, ಉಳಿದವರ ಆತ್ಮ ಜೋಪಾನವಾಗಿರಲಿ ಎಂದು ಹಗಲಿರುಳು ಚಡಪಡಿಸಿದ್ದರೆ ಅದನ್ನು ಬರೀ ಮೌಢ್ಯ ಎನ್ನಲು ಮನಸ್ಸು ಬರುವುದಿಲ್ಲ.

ಇಷ್ಟಾಗಿ ಮುಚ್ಚಿದ ಬಾಗಿಲನ್ನು ತೆರೆದವರು ಯಾರು? ನಾಸ್ತಿಕರಲ್ಲ, ಪಾದ್ರಿಗಳೇ! ‘ವಾಟರ್ ಬೇಬೀಸ್’ (1863) ಬರೆದ ಚಾರ್ಲ್ಸ್ ಕಿಂಗ್ಸ್‌ಲೀ ಪಾದ್ರಿ. ‘ಆಲಿಸ್’ (1865) ಬರೆದ ಲೂಯಿಸ್ ಕ್ಯಾರಲ್ ಚರ್ಚಿನ ದೀಕ್ಷೆ ಪಡೆದವನು. ಆಲಿಸಳ ಕೈಬರಹದ ಪ್ರತಿಯನ್ನು ಮೊದಲು ಕೇಳಿ ಕುಣಿದಾಡಿದ್ದು ಇನ್ನೊಬ್ಬ ಪಾದ್ರಿ ಜಾರ್ಜ್ ಮ್ಯಾಕ್‌ಡೊನಾಲ್ಡನ ಮಕ್ಕಳು. ಈ ಮ್ಯಾಕ್‌ಡೊನಾಲ್ಡನ ಪ್ರವಚನ ಸಭೆಯ ಹಿರಿಯರಿಗೆ ಹಿಡಿಸದೆ, 1853ರಲ್ಲಿ ಅವನು ಆ ಹುದ್ದೆ ಬಿಡಬೇಕಾಯಿತು. ಆಮೇಲೆ ಹೊಟ್ಟೆಪಾಡಿಗಾಗಿ ಕಥೆ ಬರೆದ. ಅವನ ‘ರಾಜಕುಮಾರಿ ಮತ್ತು ಗಾಬ್ಲಿನ್’ ಕಥೆಯಲ್ಲಿ ಗೋಪುರದ ಮೇಲೊಬ್ಬಳು ಅಜ್ಜಿ ಕೂತು ನೂಲುತ್ತಾಳೆ. ಅವಳ ನೂಲು ಕಣ್ಣಿಗೆ ಕಾಣದು, ಬೆರಳಿಗೆ ಮಾತ್ರ ತಾಗುತ್ತದೆ. ಅದನ್ನೇ ಹಿಡಿದು ಪುಟ್ಟ ಹುಡುಗಿ ಕತ್ತಲ ಗಣಿಯೊಳಗೆ ನಡೆಯುತ್ತಾಳೆ. ಭಕ್ತಿ ಎಂದರೇನೆಂದು ಇದಕ್ಕಿಂತ ಚೆನ್ನಾಗಿ ಹೇಳಿದ ಪ್ರವಚನ ನಾನಂತೂ ಕೇಳಿಲ್ಲ.

ಅದೇ ಮ್ಯಾಕ್‌ಡೊನಾಲ್ಡನ ಇನ್ನೊಂದು ಪುಸ್ತಕವನ್ನು 1916ರಲ್ಲಿ ಓದಿ ಮನಸ್ಸು ತಿರುಗಿಸಿಕೊಂಡ ತರುಣ ಸಿ. ಎಸ್. ಲೂಯಿಸ್, ಮುಂದೆ 1950ರಿಂದ 1956ರವರೆಗೆ ನಾರ್ನಿಯಾದ ಏಳು ಕಥೆಗಳನ್ನು ಬರೆದ. ಅವನ ಗೆಳೆಯ ಟೋಲ್ಕಿನ್ ನಿಷ್ಠಾವಂತ ಕ್ಯಾಥೊಲಿಕ್. ದೇವರು ಸೃಷ್ಟಿಕರ್ತ, ಅವನ ರೂಪದಲ್ಲಿ ಹುಟ್ಟಿದ ಮನುಷ್ಯ ಲೋಕಗಳನ್ನು ಕಲ್ಪಿಸುವುದೂ ಆ ಸೃಷ್ಟಿಯ ಒಂದು ನೆರಳೇ ಎಂದು 1939ರ ಉಪನ್ಯಾಸವೊಂದರಲ್ಲಿ ವಾದಿಸಿದ. ಅಲ್ಲಿಗೆ ಜಗಳ ಮುಗಿಯಿತು ಎಂದುಕೊಳ್ಳಬಹುದಿತ್ತು.

ಮುಗಿಯಲಿಲ್ಲ. 1962ರಲ್ಲಿ ಅಮೆರಿಕದ ಮ್ಯಾಡಲೀನ್ ಲೆಂಗಲ್ ‘ಎ ರಿಂಕಲ್ ಇನ್ ಟೈಮ್’ ಬರೆದಳು. ಚರ್ಚಿಗೆ ತಪ್ಪದೆ ಹೋಗುವ ಹೆಂಗಸು. ಕತ್ತಲೆಯ ವಿರುದ್ಧ ಹೋರಾಡಿದವರ ಪಟ್ಟಿಯಲ್ಲಿ ಯೇಸುವಿನ ಜೊತೆಗೆ ಬುದ್ಧ, ಗಾಂಧಿ ಮುಂತಾದವರ ಹೆಸರು ಹಾಕಿದ್ದೇ ತಪ್ಪಾಯಿತು. ಕಥೆಯ ಮೂವರು ವಿಚಿತ್ರ ಹೆಂಗಸರು ಮಾಟಗಾತಿಯರೇ ಎಂಬ ಆರೋಪ ಬೇರೆ. ಈ ಹೊತ್ತಿಗೆ ವಿರೋಧದ ಬಣ್ಣವೇ ಬದಲಾಗಿತ್ತು, ಗಮನಿಸಿ. ಟ್ರಿಮ್ಮರಮ್ಮನ ಕಾಲದಲ್ಲಿ ಮಾಟ ಸುಳ್ಳು, ಆದ್ದರಿಂದ ಮಕ್ಕಳಿಗೆ ಬೇಡ. ಈಗ ಮಾಟ ನಿಜ, ಸೈತಾನನ ಕೆಲಸ, ಆದ್ದರಿಂದ ಮಕ್ಕಳಿಗೆ ಬೇಡ!

1997ರಲ್ಲಿ ಹ್ಯಾರಿ ಪಾಟರ್ ಬಂದ ಮೇಲಂತೂ ಕೇಳುವುದೇ ಬೇಡ. ಅಮೆರಿಕದ ಗ್ರಂಥಾಲಯ ಸಂಘದ ಲೆಕ್ಕದಲ್ಲಿ 2000ದಿಂದ 2009ರವರೆಗೆ ಅತಿ ಹೆಚ್ಚು ಆಕ್ಷೇಪಣೆಗೆ ಗುರಿಯಾದ ಪುಸ್ತಕಮಾಲೆ ಅದೇ. 2001ರ ಡಿಸೆಂಬರ್ 30ರಂದು ನ್ಯೂ ಮೆಕ್ಸಿಕೋದ ಅಲಮಗೋರ್ಡೊ ಊರಿನ ಚರ್ಚೊಂದರ ಎದುರು ಬೆಂಕಿ ಹಾಕಿ ಅವನ್ನು ಸುಟ್ಟರು. ಅದೇ ಬೆಂಕಿಗೆ ಟೋಲ್ಕಿನ್ನನ ಪುಸ್ತಕಗಳೂ ಬಿದ್ದವು. ಪಾಪ, ಆ ಭಕ್ತ ಮನುಷ್ಯ! ಆ ಚರ್ಚಿನ ಪಾದ್ರಿ ಹ್ಯಾರಿ ಪಾಟರ್ ಓದಿಯೇ ಇರಲಿಲ್ಲವೆಂದು ತಾನೇ ಒಪ್ಪಿಕೊಂಡ.

ಹೀಗೆ ಸುಡುವವರು ಬೈಬಲ್ಲಿನ ಒಂದು ಪ್ರಸಂಗವನ್ನು ಎತ್ತಿ ಹೇಳುವುದುಂಟು. ಎಫೆಸ ಪಟ್ಟಣದಲ್ಲಿ ಮಾಟ ಮಾಡುತ್ತಿದ್ದವರು ಐವತ್ತು ಸಾವಿರ ಬೆಳ್ಳಿ ನಾಣ್ಯ ಬೆಲೆಯ ಪುಸ್ತಕಗಳನ್ನು ಎಲ್ಲರೆದುರು ಸುಟ್ಟರು ಎಂದು ಅಪೊಸ್ತಲರ ಕೃತ್ಯಗಳಲ್ಲಿದೆ. ನಿಜ. ಆದರೆ ಅವರು ಸುಟ್ಟದ್ದು ತಮ್ಮದೇ ಕಸುಬಿನ ಪುಸ್ತಕಗಳನ್ನು. ನೆರೆಮನೆಯ ಮಗುವಿನ ಕಥೆಪುಸ್ತಕವನ್ನಲ್ಲ.

ಮಂಗಳೂರಿನ ನನ್ನ ಗೆಳತಿಯೊಬ್ಬಳು ಚರ್ಚಿನಲ್ಲಿ ಮಕ್ಕಳಿಗೆ ಭಾನುವಾರದ ಪಾಠ ಹೇಳುವವಳು. ಮಗಳಿಗೆ ನಾರ್ನಿಯಾ ಓದಿ ಹೇಳುತ್ತಿದ್ದಳು, ಹ್ಯಾರಿ ಪಾಟರ್‌ಗೆ ಮಾತ್ರ ಮನೆಯೊಳಗೆ ಪ್ರವೇಶವಿರಲಿಲ್ಲ. “ಎರಡರಲ್ಲೂ ಮಾಟಗಾತಿಯರಿದ್ದಾರಲ್ಲ, ಇದೆಂಥ ನ್ಯಾಯ?” ಎಂದೆ.

“ಅಲ್ಲ ಮಾರಾಯ್ತಿ, ನಾರ್ನಿಯಾದಲ್ಲಿ ಶಕ್ತಿ ಇರುವುದು ಸಿಂಹದ ಕೈಯಲ್ಲಿ. ಮಕ್ಕಳು ಬರೇ ನಂಬುತ್ತಾರೆ. ಇದರಲ್ಲಿ ಮಕ್ಕಳೇ ಶಾಲೆಗೆ ಹೋಗಿ ಮಂತ್ರ ಕಲಿಯುವುದಲ್ಲವಾ?”

“ನಾರ್ನಿಯಾದ ಲೂಸಿಯೂ ಮಾಂತ್ರಿಕನ ಪುಸ್ತಕ ತೆರೆದು ಮಂತ್ರ ಓದುತ್ತಾಳಲ್ಲೇ?”

“ಗೆಳತಿಯರ ಮಾತು ಕದ್ದು ಕೇಳಲಿಕ್ಕೆ ಮಂತ್ರ ಓದಿದ್ದಕ್ಕೆ ಸಿಂಹದ ಹತ್ತಿರ ಬೈಸಿಕೊಂಡಳಲ್ಲ!” ಎಂದು ನಕ್ಕಳು.

ಅವಳ ವಾದ ನನಗೆ ಪೂರ್ತಿ ಒಪ್ಪಿಗೆಯಾಗದಿದ್ದರೂ ಅವಳು ಎರಡನ್ನೂ ಓದಿದ್ದಳು ಎಂಬುದು ನನಗೆ ದೊಡ್ಡದಾಗಿ ಕಂಡಿತು. ಮಗಳ ಕೈಗೆ ಯಾವ ಪುಸ್ತಕ ಕೊಡಬೇಕು ಎಂಬುದು ಅವಳ ಮನೆಯ ಮಾತು. ತಕರಾರು ಏಳುವುದು ಊರಿನ ಎಲ್ಲ ಮಕ್ಕಳ ಕೈಯಿಂದ ಕಿತ್ತುಕೊಳ್ಳಲು ಹೊರಟಾಗ. ಅರ್ಕನ್ಸಾಸ್ ರಾಜ್ಯದ ಸೀಡರ್‌ವಿಲ್‌ನಲ್ಲಿ 2002ರಲ್ಲಿ ಹಾಗೇ ಆಯಿತು. ಪುಸ್ತಕ ಇರಲಿ ಎಂದು ಪರಿಶೀಲನಾ ಸಮಿತಿ ಹೇಳಿದರೂ ಶಾಲಾ ಮಂಡಳಿ ಮೂರಕ್ಕೆ ಎರಡು ಮತಗಳಿಂದ ಅದನ್ನು ಕಪಾಟಿನಿಂದ ತೆಗೆಸಿತು. ಬೇಕಾದವರು ಅಪ್ಪ ಅಮ್ಮನ ಸಹಿ ತರಬೇಕು. ಪುಟ್ಟ ಹುಡುಗಿಯೊಬ್ಬಳ ತಂದೆತಾಯಿ ಕೋರ್ಟಿಗೆ ಹೋದರು. 2003ರಲ್ಲಿ ನ್ಯಾಯಾಧೀಶರು ಪುಸ್ತಕಗಳನ್ನು ಮೊದಲಿದ್ದಲ್ಲೇ ಇಡಿ ಎಂದು ಆಜ್ಞೆ ಮಾಡಿದರು.

ಇಷ್ಟೆಲ್ಲ ನಡೆಯುವಾಗ ಲೇಖಕಿ ರೌಲಿಂಗ್ ತನ್ನ ನಂಬಿಕೆಯ ಬಗ್ಗೆ ಹೆಚ್ಚು ಮಾತಾಡಲಿಲ್ಲ. ತಾನು ಕ್ರಿಶ್ಚಿಯನ್ ಹೌದು, ಆದರೆ ಅದನ್ನು ಬಿಡಿಸಿ ಹೇಳಿದರೆ ಜಾಣ ಓದುಗರು ಕಥೆಯ ಕೊನೆಯನ್ನು ಊಹಿಸಿಬಿಡುತ್ತಾರೆ ಎಂದಿದ್ದಳು. 2007ರಲ್ಲಿ ಏಳನೆಯ ಪುಸ್ತಕ ಬಂದಾಗ ಅದರಲ್ಲಿ ಎರಡು ಗೋರಿಕಲ್ಲುಗಳಿದ್ದವು. ಎರಡರ ಮೇಲೂ ಬೈಬಲ್ಲಿನ ವಾಕ್ಯಗಳೇ. ಹುಡುಗ ಬೇರೆಯವರಿಗಾಗಿ ತಾನೇ ಸಾವಿನೆದುರು ನಡೆದುಹೋಗುತ್ತಾನೆ. ಮೊದಲ ಪುಸ್ತಕವನ್ನೇ ಬೆಂಕಿಗೆ ಹಾಕಿದವರು ಅಲ್ಲಿಯವರೆಗೆ ಬರುವುದಾದರೂ ಹೇಗೆ?

2019ರಲ್ಲಿ ಮತ್ತೆ, ಅಮೆರಿಕದ ನ್ಯಾಶ್‌ವಿಲ್‌ನ ಒಂದು ಕ್ಯಾಥೊಲಿಕ್ ಶಾಲೆಯ ಪಾದ್ರಿ, ಈ ಪುಸ್ತಕಗಳಲ್ಲಿರುವ ಮಂತ್ರಗಳು ನಿಜವಾದ ಮಂತ್ರಗಳೇ, ಓದಿದರೆ ದುಷ್ಟಶಕ್ತಿಗಳು ಬರಬಹುದು ಎಂದು ಅವನ್ನು ಲೈಬ್ರರಿಯಿಂದ ತೆಗೆಸಿದರು. ದೆವ್ವ ಬಿಡಿಸುವ ಪಾದ್ರಿಗಳನ್ನು ಕೇಳಿಯೇ ಈ ತೀರ್ಮಾನಕ್ಕೆ ಬಂದದ್ದಂತೆ. ಟ್ರಿಮ್ಮರಮ್ಮ ಇದ್ದಿದ್ದರೆ ಪುಸ್ತಕ ತೆಗೆಸಿದ್ದಕ್ಕೆ ಭೇಷ್ ಎನ್ನುತ್ತಿದ್ದಳು. ಕಾರಣ ಕೇಳಿದ ಮೇಲೆ ಮಾತ್ರ, ಆ ಪಾದ್ರಿಗೆ ಚಿಕ್ಕಂದಿನಲ್ಲಿ ದೆವ್ವದ ಕಥೆ ಹೇಳಿದ ಕೆಲಸದಾಕೆ ಯಾರು ಎಂದು ವಿಚಾರಿಸುತ್ತಿದ್ದಳೇನೋ!