ಮಾಳವಗೌಳದ ಪೂರ್ವೋತ್ತರ

ಸಂಗೀತಾಭ್ಯಾಸವುಳ್ಳ ಮನೆಗಳಲ್ಲಿ ಮಕ್ಕಳ ಕಂಠದಿಂದ ಮೊದಲು ಹೊರಡುವ ಸ್ವರಗಳು ಮಾಯಾಮಾಳವಗೌಳದವು. ಅಕ್ಷರಾಭ್ಯಾಸಕ್ಕೆ ಓಂಕಾರವು ಹೇಗೋ ಸ್ವರಾಭ್ಯಾಸಕ್ಕೆ ಈ ರಾಗದ ಸರಳೆವರಸೆಗಳು ಹಾಗೆ. ಈ ಏರ್ಪಾಡನ್ನು ಮಾಡಿಕೊಟ್ಟವರು ಪುರಂದರದಾಸರೆಂದು ಸಂಗೀತಗಾರರೆಲ್ಲರೂ ನಂಬಿರುವರು. ಆದರೆ ಆ ಮಾತಿಗೆ ಜತೆಯಾಗಿ, ದಾಸರು 72 ಮೇಳಗಳನ್ನೂ ಪರಾಮರ್ಶಿಸಿ ಅವುಗಳಲ್ಲಿ 15ನೆಯದಾದ ಮಾಯಾಮಾಳವಗೌಳವನ್ನು ಆರಿಸಿಕೊಂಡರೆಂದು ಹೇಳುವವರೂ ಉಂಟು. ಭಕ್ತಿಯಿಂದ ಹೊರಟ ಮಾತಾದರೂ ಇದು ಚರಿತ್ರೆಗೆ ಒಪ್ಪತಕ್ಕುದಲ್ಲ. ದಾಸರು ದೇಹವಿಟ್ಟ 1564ರಲ್ಲಿ 72 ಮೇಳಗಳ ಕಟ್ಟು ಇನ್ನೂ ಹುಟ್ಟಿರಲಿಲ್ಲ. ಈ ರಾಗಕ್ಕೆ 15 ಎಂಬ ಸಂಖ್ಯೆಯಾಗಲಿ ‘ಮಾಯಾ’ ಎಂಬ ಪೂರ್ವಪದವಾಗಲಿ ಬಂದಿರಲಿಲ್ಲ. ರಾಗವು ಮುಂಚೆ, ಸಂಖ್ಯೆಯು ಆಮೇಲೆ. ಈ ಪೌರ್ವಾಪರ್ಯವನ್ನು ಅರಿತರೆ ದಾಸರ ಹಿರಿಮೆಗೆ ಕುಂದಿಲ್ಲ. ಆ ಹಿರಿಮೆಯು ಯಾವುದರಲ್ಲಿದೆಯೆಂಬುದು ಇನ್ನೂ ವಿಶದವಾಗುವುದು.

ಮಾಳವ, ಗೌಡ ಎಂಬ ಎರಡು ಹೆಸರುಗಳೂ ದೇಶವಾಚಕಗಳು. ದೇವಗಿರಿಯ ಯಾದವ ದೊರೆ ಸಿಂಘಣನ ಆಶ್ರಯದಲ್ಲಿ 13ನೆಯ ಶತಮಾನದಲ್ಲಿ ‘ಸಂಗೀತರತ್ನಾಕರ’ವನ್ನು ರಚಿಸಿದ ಶಾರ್ಙ್ಗದೇವನು ಕರ್ಣಾಟಗೌಡ, ದ್ರಾವಿಡಗೌಡ, ತುರುಷ್ಕಗೌಡ ಮೊದಲಾದ ರಾಗಗಳನ್ನು ಹೇಳಿರುವನು. ಗೌಡವೇ ಕಾಲಕ್ರಮದಲ್ಲಿ ಗೌಳವಾಯಿತು. ಆದರೆ ಗ್ರಾಮ ಮೂರ್ಛನೆಗಳಿಂದ ರಾಗವನ್ನು ಅಳೆಯುತ್ತಿದ್ದ ಆ ಕಾಲದ ಲಕ್ಷಣವನ್ನು ಇಂದಿನ ವೀಣೆಯ ಮೆಟ್ಟುಗಳ ಮೇಲಿಟ್ಟು ನೋಡುವುದು ಸಲ್ಲದು. ಹೆಸರಿನ ಹಳಮೆಗೆ ಮಾತ್ರ ಅದು ಸಾಕ್ಷಿ.

ಸ್ವರಸ್ಥಾನಗಳ ಸ್ಪಷ್ಟವಾದ ಸಾಕ್ಷ್ಯವು ದೊರೆಯುವುದು ವಿಜಯನಗರದಲ್ಲಿ. ರತ್ನಾಕರಕ್ಕೆ ವ್ಯಾಖ್ಯಾನವನ್ನು ಬರೆದ ಕಲ್ಲಿನಾಥನ ವಂಶಸಂಬಂಧಿಯಾದ ರಾಮಾಮಾತ್ಯನು ಅಳಿಯ ರಾಮರಾಯನ ಪ್ರೇರಣೆಯಿಂದ 1550ರಲ್ಲಿ ‘ಸ್ವರಮೇಳಕಲಾನಿಧಿ’ಯನ್ನು ರಚಿಸಿದನು. ಆಗ ಪುರಂದರದಾಸರು ಇನ್ನೂ ಜೀವಿಸಿದ್ದರು. ಈ ಗ್ರಂಥದಲ್ಲಿ 20 ಮೇಳಗಳು ಉಕ್ತವಾಗಿವೆ. ಮೊದಲನೆಯದು ಮುಖಾರಿ, ಎರಡನೆಯದು ಮಾಳವಗೌಳ. ಲಲಿತಾ, ಬೌಳಿ, ಸೌರಾಷ್ಟ್ರ, ಗುರ್ಜರಿ, ಮಲಹರಿ ಮೊದಲಾದ ದೊಡ್ಡ ಪರಿವಾರವನ್ನು ಈ ಎರಡನೆಯ ಮೇಳಕ್ಕೆ ಸೇರಿಸಿದೆ. ಹೀಗೆ ದಾಸರ ಕಾಲಕ್ಕೆ ಈ ರಾಗವು ಸುಪ್ರಸಿದ್ಧವಾಗಿದ್ದಿತು. ಅದರ ಹೆಸರು ಬರಿಯ ಮಾಳವಗೌಳ.

ಇಲ್ಲಿ ಒಂದು ಪ್ರಶ್ನೆ ಏಳುವುದು. ಶಾಸ್ತ್ರಕಾರನ ಮೊದಲನೆಯ ಮೇಳವು ಮುಖಾರಿಯಾಗಿರಲು ಮೊದಲ ಪಾಠವೂ ಅದೇ ಏಕಾಗಲಿಲ್ಲ? ಮುಖಾರಿಯಲ್ಲಿ ಏಳು ಸ್ವರಗಳೂ ಶುದ್ಧಸ್ವರಗಳೇ. ಆದುದರಿಂದ ಲಕ್ಷಣವನ್ನು ಹೇಳುವವನಿಗೆ ಅದೇ ಮೂಲಮಾನ. ವಿಕೃತಸ್ವರಗಳನ್ನು ಅದರಿಂದ ಎಣಿಸಿಕೊಂಡು ಹೋಗಬೇಕು. ಆದರೆ ಕಂಠದ ನ್ಯಾಯವೇ ಬೇರೆ. ಇದನ್ನು ವೀಣೆಯ ಮೇಲೆ ಯಾರು ಬೇಕಾದರೂ ಪರೀಕ್ಷಿಸಬಹುದು. ಇಂದಿನ ವೀಣೆಯಲ್ಲಿ ಒಂದು ಸ್ಥಾಯಿಗೆ 12 ಮೆಟ್ಟುಗಳು. ಬಿಟ್ಟ ತಂತಿಯನ್ನು ಷಡ್ಜವೆಂದು ಹಿಡಿದರೆ, ಹಳೆಯ ಮುಖಾರಿಯ ಉಳಿದ ಸ್ವರಗಳು ಕ್ರಮವಾಗಿ 1, 2, 5, 7, 8, 9ನೆಯ ಮೆಟ್ಟುಗಳಲ್ಲಿ ಬಂದು 12ರಲ್ಲಿ ತಾರಷಡ್ಜವು ದೊರೆಯುವುದು. ಷಡ್ಜದ ಮಗ್ಗುಲಲ್ಲಿ ಋಷಭ, ಋಷಭದ ಮಗ್ಗುಲಲ್ಲಿಯೇ ಗಾಂಧಾರ. ಅಲ್ಲಿಂದ ಮಧ್ಯಮಕ್ಕೆ ಒಂದೇ ನೆಗೆತ. ಎಳೆಯ ಶಾರೀರವು ಇಂತಹ ಇಕ್ಕಟ್ಟಿನಲ್ಲಿ ಸ್ವರಗಳನ್ನು ಬೇರ್ಪಡಿಸಿ ನಿಲ್ಲಿಸುವುದು ಬಹು ಕಷ್ಟ.

ಮಾಳವಗೌಳದ ಸ್ವರಗಳಾದರೋ 1, 4, 5, 7, 8, 11ನೆಯ ಮೆಟ್ಟುಗಳಲ್ಲಿ ನಿಂತು 12ನ್ನು ಸೇರುವುವು. ಸ್ಥಾನವು ಬದಲಾಗತಕ್ಕ ನಾಲ್ಕು ಸ್ವರಗಳಲ್ಲಿ ಋಷಭವು ಷಡ್ಜಕ್ಕೆ, ಗಾಂಧಾರವು ಮಧ್ಯಮಕ್ಕೆ, ಧೈವತವು ಪಂಚಮಕ್ಕೆ, ನಿಷಾದವು ತಾರಷಡ್ಜಕ್ಕೆ ಒಂದೊಂದೇ ಮೆಟ್ಟಿನ ಅಂತರದಲ್ಲಿರುವುವು. ಅಂಬೆಗಾಲಿಡುವ ಮಗು ಗೋಡೆಯನ್ನು ಹಿಡಿದು ನಿಲ್ಲುವಂತೆ ಪ್ರತಿಯೊಂದು ಚಲಸ್ವರವೂ ಒಂದು ಸ್ಥಿರವಾದ ನೆಲೆಯನ್ನು ಆತುಕೊಂಡಿರುವುದು. ಮೇಲಾಗಿ, ಷಡ್ಜದಿಂದ ಮಧ್ಯಮದವರೆಗೆ ಸ್ವರಗಳ ನಡೆ ಹೇಗೋ ಪಂಚಮದಿಂದ ತಾರಷಡ್ಜದವರೆಗೆ ಅದೇ ನಡೆ. ಪೂರ್ವಾಂಗವನ್ನು ಕಲಿತವನಿಗೆ ಉತ್ತರಾಂಗವು ಅರ್ಧ ಬಂದಂತೆಯೇ.

1565ರಲ್ಲಿ ರಕ್ಕಸತಂಗಡಿಯ ಯುದ್ಧದಲ್ಲಿ ರಾಮರಾಯನು ಮಡಿದು ವಿಜಯನಗರವು ಹಾಳಾದ ಮೇಲೆ ಸಂಗೀತಶಾಸ್ತ್ರಕ್ಕೆ ತಂಜಾವೂರಿನ ನಾಯಕರ ಆಸ್ಥಾನವು ಆಸರೆಯಾಯಿತು. ಅಲ್ಲಿ ಮಂತ್ರಿಯಾಗಿದ್ದ ಗೋವಿಂದ ದೀಕ್ಷಿತನ ಮಗನೇ ವೆಂಕಟಮಖಿ. ಇವನು ವಿಜಯರಾಘವ ನಾಯಕನ ಕಾಲದಲ್ಲಿ (1633–1673) ‘ಚತುರ್ದಂಡೀಪ್ರಕಾಶಿಕೆ’ಯನ್ನು ಬರೆದು, ಸ್ವರಗಳ ಸಂಯೋಗದಿಂದ ಮೇಳಗಳು 72 ಆಗಬಹುದೆಂದು ಗಣಿತದಿಂದ ಸಾಧಿಸಿದನು. ಪೂರ್ವಾಂಗದಲ್ಲಿ 6 ಬಗೆ, ಉತ್ತರಾಂಗದಲ್ಲಿ 6 ಬಗೆ, ಗುಣಿಸಿದರೆ 36, ಮಧ್ಯಮಗಳು ಎರಡಾದುದರಿಂದ 72. ಇವುಗಳಲ್ಲಿ ಅವನು ಲಕ್ಷಣವನ್ನು ಹೇಳಿದುದು 19 ಮೇಳಗಳಿಗೆ ಮಾತ್ರ. ಮಾಳವಗೌಳದ ಸ್ವರಗಳುಳ್ಳ ಮೇಳವು ಅಲ್ಲಿ ಗೌಳಮೇಳವೆಂಬ ಹೆಸರಿನಿಂದ 15ನೆಯ ಸ್ಥಾನವನ್ನು ಪಡೆಯಿತು. ದಾಸರು ಗತಿಸಿ ಆಗಲೇ ಸುಮಾರು ಮೂರು ತಲೆಮಾರುಗಳು ಕಳೆದಿದ್ದವು.

‘ಮಾಯಾ’ ಎಂಬ ಪದವು ಬಂದುದು ಇನ್ನೂ ಈಚೆಗೆ. ರಾಗದ ಹೆಸರಿನ ಮೊದಲೆರಡು ಅಕ್ಷರಗಳಿಂದಲೇ ಮೇಳದ ಸಂಖ್ಯೆಯು ತಿಳಿಯಬೇಕೆಂದು ಲಾಕ್ಷಣಿಕರು ಕಟಪಯಾದಿ ಸೂತ್ರವನ್ನು ಹಚ್ಚಿದರು. ಪವರ್ಗದಲ್ಲಿ ಮಕಾರವು 5ನೆಯದು. ಯವರ್ಗದಲ್ಲಿ ಯಕಾರವು 1ನೆಯದು. ಅಂಕಗಳಿಗೆ ವಾಮಗತಿಯೆಂಬ ನ್ಯಾಯದಿಂದ 51ನ್ನು ತಿರುಗಿಸಿದರೆ 15. ಆದುದರಿಂದ ಇಲ್ಲಿಯ ‘ಮಾಯಾ’ ಎಂಬುದಕ್ಕೆ ವೇದಾಂತದ ಅರ್ಥವನ್ನು ಹುಡುಕುವುದು ವ್ಯರ್ಥ; ಅದು ರಾಗಕ್ಕೆ ಅಂಟಿಸಿದ ಸಂಖ್ಯೆಯ ಚೀಟಿ. ಮೂರನೆಯದಾದ ಅಗ್ನಿಚಕ್ರದಲ್ಲಿ ಮೂರನೆಯ ಮೇಳವಾಗಿ ಈ ರಾಗವು ನಿಂತುದೂ ಈ ಲೆಕ್ಕದ ಫಲವೇ.

ವೆಂಕಟಮಖಿಯು ರಾಮಾಮಾತ್ಯನನ್ನು ಕಟುವಾಗಿ ಖಂಡಿಸಿದವನು. ಆದರೂ ಮುಖಾರಿಯೇ ಮೊದಲನೆಯ ಮೇಳವೆಂಬುದರಲ್ಲಿ ಇಬ್ಬರೂ ಏಕಾಭಿಪ್ರಾಯರು. ಆದರೆ ಆ ಮುಖಾರಿಯ ಗತಿ ಏನಾಯಿತೆಂಬುದನ್ನು ನೋಡಬೇಕು. ಇಂದು ಮುಖಾರಿಯೆಂದು ಹಾಡುವ ರಾಗವು 22ನೆಯ ಮೇಳದ ಜನ್ಯ. ಆರೋಹಣದಲ್ಲಿ ಚತುಶ್ಶ್ರುತಿ ಧೈವತ, ಅವರೋಹಣದಲ್ಲಿ ಶುದ್ಧಧೈವತ. ಹೆಸರು ಉಳಿಯಿತು, ಸ್ವರಗಳು ಬೇರೆಯಾದುವು. ಹಳೆಯ ಮುಖಾರಿಯ ಸ್ವರಗಳು ಮೊದಲನೆಯ ಮೇಳವಾದ ಕನಕಾಂಗಿಯಲ್ಲಿ ಉಳಿದಿವೆ. ಆದರೆ ಅದನ್ನು ಹಾಡುವವರು ವಿರಳ. ಮಾಳವಗೌಳಕ್ಕಾದರೋ ಹೆಸರು ಬೆಳೆಯಿತು, ಸ್ವರಗಳು ನಿಂತುವು. ಶಾಸ್ತ್ರದ ಅಗ್ರಪೀಠದಲ್ಲಿ ಕುಳಿತ ರಾಗವು ಕದಲಿತು. ಮಕ್ಕಳ ಬಾಯಲ್ಲಿ ದಿನದಿನವೂ ನಲಿದ ರಾಗವು ಸ್ಥಿರವಾಯಿತು.

ದಾಸರ ಕಾಲದ ಲಕ್ಷಣಗ್ರಂಥದಲ್ಲಿ ಸರಳೆವರಸೆಯ ಪ್ರಸ್ತಾಪವಿಲ್ಲವಲ್ಲ ಎಂದು ಆಕ್ಷೇಪಿಸುವವರಿಗೆ ಹೇಳತಕ್ಕುದಿಷ್ಟೆ: ಪಾಠಕ್ರಮವು ಗುರುವಿನ ಬಾಯಿಂದ ಶಿಷ್ಯನ ಕಿವಿಗೆ ಇಳಿಯತಕ್ಕುದು, ಲಕ್ಷಣಗ್ರಂಥಗಳು ಅದನ್ನು ಲೆಕ್ಕಕ್ಕೆ ತೆಗೆದುಕೊಂಡುದು ಅಪೂರ್ವ. ಅಂತಹ ವಿಷಯದಲ್ಲಿ ಪರಂಪರೆಯೇ ಪ್ರಮಾಣ. ಆ ಪರಂಪರೆಯು ಕನ್ನಡನಾಡಿಗೆ ಮಾತ್ರ ಸೀಮಿತವಾದುದಲ್ಲ. ತ್ಯಾಗರಾಜರು ತಮ್ಮ ‘ಪ್ರಹ್ಲಾದ ಭಕ್ತಿವಿಜಯ’ದ ಆದಿಯಲ್ಲಿ ಪುರಂದರದಾಸರನ್ನು ಸ್ಮರಿಸಿರುವರು. ಕಾವೇರಿಯ ತೀರದಲ್ಲಿ ತೆಲುಗಿನಲ್ಲಿ ಹಾಡಿದ ಮಹನೀಯರು ಕನ್ನಡದ ದಾಸರಿಗೆ ತಲೆಬಾಗಿದುದು ಸಾಮಾನ್ಯವಾದ ಸಂಗತಿಯಲ್ಲ.

ದಾಸರ ಕ್ರಮದಲ್ಲಿ ಇನ್ನೊಂದು ಜಾಣ್ಮೆಯುಂಟು. ಸರಳೆ, ಜಂಟಿ, ದಾಟು ವರಸೆಗಳೂ ಅಲಂಕಾರಗಳೂ ಮುಗಿದೊಡನೆ ಬರುವ ಪಿಳ್ಳಾರಿ ಗೀತೆಗಳು ಮಲಹರಿಯಲ್ಲಿವೆ. ಮಲಹರಿಯು ಈ ಮೇಳದ ಮಗಳೇ. ಆದರೆ ಅದರಲ್ಲಿ ನಿಷಾದವು ಇಲ್ಲವೇ ಇಲ್ಲ, ಗಾಂಧಾರವು ಇಳಿಯುವಾಗ ಮಾತ್ರ ಬರುವುದು. ಏರುವಾಗ ಐದು ಸ್ವರ, ಇಳಿಯುವಾಗ ಆರು. ಏಳು ಸ್ವರಗಳನ್ನೂ ಒಪ್ಪಿಸಿದ ಮಗುವಿಗೆ, ಯಾವ ಸ್ವರವನ್ನು ಬಿಡಬೇಕು, ಯಾವುದನ್ನು ಎಲ್ಲಿ ಹಿಡಿಯಬೇಕು ಎಂಬ ವಿವೇಕದಿಂದ ರಾಗವು ಹುಟ್ಟುವುದೆಂಬ ತತ್ತ್ವವು ಲಕ್ಷಣಶ್ಲೋಕವಿಲ್ಲದೆಯೇ ಮನವರಿಕೆಯಾಗುವುದು.

ಮಕ್ಕಳ ಪಾಠಕ್ಕೆ ನಿಂತುದರಿಂದ ಈ ರಾಗವು ಮಕ್ಕಳದೇ ಎಂದು ಭಾವಿಸಲಾಗದು. ಮುತ್ತುಸ್ವಾಮಿ ದೀಕ್ಷಿತರು ತಿರುತ್ತಣಿಯಲ್ಲಿ ಗುಹನ ಅನುಗ್ರಹವನ್ನು ಪಡೆದು ರಚಿಸಿದ ಪ್ರಥಮ ಕೃತಿಯು ಮಾಯಾಮಾಳವಗೌಳದಲ್ಲಿದೆ. ಸಂಗೀತಕೋವಿದರಿಗೆ ವಂದಿಸುವ ಕೃತಿಯನ್ನು ತ್ಯಾಗರಾಜರು ರಚಿಸಿದುದೂ ಈ ರಾಗದಲ್ಲಿಯೇ. ಸಿದ್ಧಿಯನ್ನು ಪಡೆದವರೂ ಆರಂಭದ ಮೆಟ್ಟಿಲಿಗೆ ಬಂದು ನಮಸ್ಕರಿಸಿದಂತೆ ಇದು ತೋರುವುದು.

ಸಾಮಗಾನಕ್ಕೆ ಸಮೀಪವಾದ ಖರಹರಪ್ರಿಯೆಯಿಂದಲೇ ಪಾಠವು ಮೊದಲಾಗಬೇಕೆಂದು ವಾದಿಸುವವರಿದ್ದಾರೆ. ಶಂಕರಾಭರಣವು ಸುಲಭವೆನ್ನುವವರೂ ಇದ್ದಾರೆ. ಆ ವಾದಗಳು ವಿಚಾರಾರ್ಹವೇ. ಆದರೆ ನೂರಾರು ವರ್ಷಗಳಿಂದ ಗುರುಗಳು ಕಿವಿಯಿಂದ ಪರೀಕ್ಷಿಸಿ ಉಳಿಸಿಕೊಂಡು ಬಂದ ಕ್ರಮವನ್ನು ಬದಲಿಸುವವರು ಮೊದಲು ಅದರ ಕಾರಣವನ್ನು ತಿಳಿಯಬೇಕು. ವೆಂಕಟಮಖಿಯ ಗಣಿತಕ್ಕೆ ಸಲ್ಲತಕ್ಕ ಗೌರವವು ಅವನಿಗೆ ಸಲ್ಲಲಿ. ಗಣಿತವು ಹುಟ್ಟುವ ಮೊದಲೇ ಮಗುವಿನ ಕಂಠವನ್ನು ಅರಿತು ಪಾಠವನ್ನು ಹಾಕಿಕೊಟ್ಟ ಗೌರವವು ದಾಸರದು. ಇವೆರಡನ್ನೂ ಒಂದರಲ್ಲೊಂದು ಬೆರಸಿದರೆ ಇಬ್ಬರಿಗೂ ಅನ್ಯಾಯವಾಗುವುದು.